ಹತ್ತು ಸುತ್ತುಗಳ ಭರವಸೆ

2005ರ ಜೂನ್ 17, ಶುಕ್ರವಾರ. ಅಮೆರಿಕದ ಇಂಡಿಯಾನಾಪೊಲಿಸ್ ಮೋಟಾರ್ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಒನ್ ಕಾರುಗಳು ಭಾನುವಾರದ ಪಂದ್ಯಕ್ಕಾಗಿ ಅಭ್ಯಾಸ ನಡೆಸಿದ್ದವು. ಟೊಯೋಟಾ ತಂಡದ ರಾಲ್ಫ್ ಶುಮಾಕರ್ 13ನೇ ತಿರುವಿನಲ್ಲಿದ್ದಾಗ ಅವರ ಕಾರಿನ ಎಡಬದಿಯ ಹಿಂದಿನ ಟೈರು ಕೈಕೊಟ್ಟಿತು. ಕಾರು ಗಿರಕಿ ಹೊಡೆದು ಹೊರಗೋಡೆಗೆ ಅಪ್ಪಳಿಸಿತು. ರಾಲ್ಫ್ ಬದುಕಿದರು, ಆದರೆ ಆ ಪಂದ್ಯಕ್ಕೆ ಮತ್ತೆ ಸ್ಟಿಯರಿಂಗ್ ಹಿಡಿಯಲಿಲ್ಲ. ಅದೇ ದಿನ ಅದೇ ತಂಡದ ರಿಕಾರ್ಡೊ ಜೊಂಟಾ ಅವರ ಕಾರಿನ ಟೈರೂ ಹಾಳಾಗಿತ್ತು. ಎರಡೂ ಫ್ರಾನ್ಸಿನ ಮಿಶೆಲಿನ್ ಕಂಪನಿಯ ಟೈರುಗಳು.

ಮುಂದಿನ ಎರಡು ದಿನಗಳಲ್ಲಿ ನಡೆದದ್ದನ್ನು ಕಾರು ಪಂದ್ಯಗಳ ಅಭಿಮಾನಿಗಳು ಇವತ್ತಿಗೂ ಒಂದು ಹಗರಣವೆಂದೇ ನೆನೆಯುತ್ತಾರೆ. ನನಗೆ ಈ ಆಟದ ಹುಚ್ಚು ಅಷ್ಟಾಗಿ ಇಲ್ಲ. ಕಾರಣ ಎಂಬ ಪರಿಕಲ್ಪನೆಯ ಬಗ್ಗೆ ಓದುವಾಗ ಎದುರಾದ ಪ್ರಕರಣ ಇದು. ಓದು ಮುಂದೆ ಹೋದರೂ ಪ್ರಕರಣ ಮಾತ್ರ ತಲೆಯಲ್ಲೇ ಉಳಿದಿದೆ. ಒಂದು ವಸ್ತು ಅಪಾಯಕಾರಿ ಎಂದು ಗೊತ್ತಿದ್ದು, ಯಾಕೆ ಅಪಾಯಕಾರಿ ಎಂದು ಗೊತ್ತಿಲ್ಲದಿದ್ದಾಗ ನಾವು ಇತರರಿಗೆ ಏನು ಹೇಳಬೇಕು? ಇತರರಿಂದ ಏನನ್ನು ಕೇಳಬಹುದು?

ಮೊದಲು ಆ ತಿರುವಿನ ಬಗ್ಗೆ. ಇಂಡಿಯಾನಾಪೊಲಿಸ್ ಎಂದರೆ ಮೂಲತಃ ಮೊಟ್ಟೆಯಾಕಾರದ ದೊಡ್ಡ ಅಂಗಳ. ಅದರ ತಿರುವುಗಳಲ್ಲಿ ರಸ್ತೆ ಒಳಮುಖವಾಗಿ ಸುಮಾರು 9 ಡಿಗ್ರಿ ವಾಲಿಕೊಂಡಿದೆ. ಫಾರ್ಮುಲಾ ಒನ್‌ಗಾಗಿ ಒಳಗೊಂದು ಅಂಕುಡೊಂಕಿನ ಹಾದಿ ಮಾಡಿ, ಅದಕ್ಕೆ ಈ ಹಳೆಯ ಅಂಗಳದ ಒಂದು ತಿರುವನ್ನು ಜೋಡಿಸಿದ್ದರು. ಅದೇ 13ನೇ ತಿರುವು. ಸಪಾಟಾದ ತಿರುವಿನಲ್ಲಿ ವೇಗ ಹೆಚ್ಚಾದರೆ ಕಾರು ಹೊರಕ್ಕೆ ಜಾರುತ್ತದೆ, ಚಾಲಕ ವೇಗ ತಗ್ಗಿಸುತ್ತಾನೆ. ವಾಲಿಕೊಂಡ ತಿರುವು ಹಾಗಲ್ಲ. ಅದು ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಜಾರಲು ಬಿಡುವುದಿಲ್ಲ. ಆ ಒತ್ತಡವನ್ನೆಲ್ಲ ಟೈರಿನ ಪಕ್ಕೆ ತಡೆದುಕೊಳ್ಳಬೇಕು. ಬಲಕ್ಕೆ ತಿರುಗುವ ಕಾರಿನಲ್ಲಿ ಹೊರಬದಿಯದಾದ ಎಡ ಹಿಂಬದಿಯ ಟೈರಿನ ಮೇಲೆ ಭಾರ ಎಲ್ಲಕ್ಕಿಂತ ಹೆಚ್ಚು. ಗಂಟೆಗೆ 300 ಕಿ.ಮೀ. ವೇಗದಲ್ಲಿ ಆ ಟೈರು ಸೆಕೆಂಡಿಗೆ ಸುಮಾರು 40 ಸಲ ಸುತ್ತುತ್ತದೆ. ಅಂದರೆ ಅದರ ಪಕ್ಕೆಯ ಪ್ರತಿಯೊಂದು ಬಿಂದುವೂ ಸೆಕೆಂಡಿಗೆ 40 ಸಲ ಬಾಗಿ, 40 ಸಲ ನೆಟ್ಟಗಾಗಬೇಕು. ನೆಟ್ಟಗಾಗುವ ಮೊದಲೇ ಮತ್ತೆ ಬಾಗುವ ಸರದಿ ಬಂದರೆ ಒಳಗೆ ಶಾಖ ಏರುತ್ತದೆ, ಎಳೆಗಳು ರಬ್ಬರಿನಿಂದ ಬಿಡತೊಡಗುತ್ತವೆ. ಹೊರಗೆ ಏನೂ ಕಾಣುವುದಿಲ್ಲ.

ಟೈರಿನ ಹೆಚ್ಚಿನ ಕಾಯಿಲೆಗಳು ಮೈಮೇಲೆಯೇ ಬರೆದಿರುತ್ತವೆ. ಬ್ರೇಕು ಬಿಗಿಯಾಗಿ ಚಕ್ರ ನಿಂತು ಜಾರಿದ್ದರೆ ಒಂದೆಡೆ ಸಪಾಟಾದ ಕಲೆ ಬೀಳುತ್ತದೆ. ರಬ್ಬರು ಸಾಕಷ್ಟು ಬಿಸಿಯಾಗದೆ ಅಡ್ಡಡ್ಡ ಜಾರಿದ್ದರೆ ಮೇಲ್ಮೈ ಹರಿದು ಅಕ್ಕಿ ನುಚ್ಚಿನಂತೆ ಉಂಡೆಕಟ್ಟುತ್ತದೆ. ಒಳಗೆ ವಿಪರೀತ ಕಾದಿದ್ದರೆ ಬೊಬ್ಬೆ ಏಳುತ್ತದೆ. ಒಳಅಂಚು ಮಾತ್ರ ಸವೆದಿದ್ದರೆ ಚಕ್ರವನ್ನು ಹೆಚ್ಚು ಓರೆಯಾಗಿ ಕೂರಿಸಿದ್ದಾರೆ ಎಂದರ್ಥ. ನಮ್ಮ ಊರುಗಳ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ಬಾನಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆಂದು ನೋಡುವುದೂ ಇದೇ ವಿದ್ಯೆ. ಗಾಯ ತನ್ನನ್ನು ತಾನೇ ತೋರಿಸಿಕೊಡುತ್ತದೆ. ಆದರೆ 300 ಕಿ.ಮೀ. ವೇಗದಲ್ಲಿ ಸಿಡಿದ ಟೈರು ತನ್ನ ಸಾಕ್ಷ್ಯವನ್ನೇ ಚಿಂದಿಮಾಡಿಕೊಂಡಿರುತ್ತದೆ. ಕಾರಣ ಹುಡುಕುವವರಿಗೆ ಉಳಿಯುವ ದಾರಿ ಒಂದೇ: ಇನ್ನೂ ಸಿಡಿಯದ, ಆದರೆ ಅದೇ ಹಾದಿಯಲ್ಲಿ ಓಡಿದ ಟೈರುಗಳನ್ನು ಕೊಯ್ದು ನೋಡುವುದು. ಮಿಶೆಲಿನ್ ಎಂಜಿನಿಯರುಗಳು ಮಾಡಿದ್ದೂ ಅದನ್ನೇ. ತೊಂದರೆ ಟೊಯೋಟಾ ಒಂದರದ್ದಲ್ಲ ಎಂಬುದು ಅವರಿಗೆ ಸ್ಪಷ್ಟವಾಯಿತು. ಮೂಲ ಮಾತ್ರ ಸಿಗಲಿಲ್ಲ. ಫ್ರಾನ್ಸಿನಿಂದ ಬೇರೆ ಮಾದರಿಯ ಟೈರುಗಳನ್ನು ವಿಮಾನದಲ್ಲಿ ತರಿಸಿದರು; ಅವುಗಳ ಬಗ್ಗೆಯೂ ಭರವಸೆ ಹುಟ್ಟಲಿಲ್ಲ.

ಕೊನೆಗೆ ಕಂಪನಿ ಎಫ್‌ಐಎಗೆ, ಅಂದರೆ ಪಂದ್ಯಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಕ್ಕೂಟಕ್ಕೆ, ಪತ್ರ ಬರೆಯಿತು. ಅದರ ಸಾರ ಇಷ್ಟು: ಟೈರು ಯಾಕೆ ಸಿಡಿಯಿತೆಂದು ನಮಗೆ ಪೂರ್ತಿ ತಿಳಿದಿಲ್ಲ, 13ನೇ ತಿರುವಿನಲ್ಲಿ ವೇಗ ತಗ್ಗಿಸದಿದ್ದರೆ 10 ಸುತ್ತುಗಳಿಗಿಂತ ಹೆಚ್ಚಿಗೆ ನಮ್ಮ ಟೈರುಗಳ ಖಾತರಿ ಕೊಡಲಾರೆವು. ಪಂದ್ಯ ಇದ್ದದ್ದು 73 ಸುತ್ತಿನದು. ಇಪ್ಪತ್ತು ಕಾರುಗಳಲ್ಲಿ ಹದಿನಾಲ್ಕು, ಹತ್ತು ತಂಡಗಳಲ್ಲಿ ಏಳು, ಮಿಶೆಲಿನ್ ಟೈರಿನವು. ಸಾಲದ್ದಕ್ಕೆ ಆ ವರ್ಷ ಒಂದು ಹೊಸ ನಿಯಮವಿತ್ತು. ಅರ್ಹತಾ ಸುತ್ತು ಮತ್ತು ಇಡೀ ಪಂದ್ಯವನ್ನು ಒಂದೇ ಜೊತೆ ಟೈರಿನಲ್ಲಿ ಮುಗಿಸಬೇಕು; ಟೈರು ಹಾಳಾಗಿದ್ದರೆ ಮಾತ್ರ ಬದಲಾಯಿಸಬಹುದು.

ಈ ಪತ್ರವನ್ನು ನಾನು ಗೌರವದಿಂದ ನೋಡುತ್ತೇನೆ. ಒಂದು ದೊಡ್ಡ ಕಂಪನಿ, ಜಗತ್ತಿನ ಕ್ಯಾಮೆರಾಗಳೆಲ್ಲ ನೆಟ್ಟಿರುವಾಗ, ತನ್ನ ವಸ್ತು ಸುರಕ್ಷಿತವಲ್ಲ, ಯಾಕೆಂದು ಗೊತ್ತಿಲ್ಲ ಎಂದು ಲಿಖಿತವಾಗಿ ಹೇಳುವುದು ಅಪರೂಪ. ನ್ಯಾಯಶಾಸ್ತ್ರದ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೆ ಮೂರನೇ ಜಾಗ. ನಿರ್ಣಯ ಬರುವುದು ಒಂಬತ್ತನೆಯದಾಗಿ. ವಿಚಾರಣೆ ಎಂಬುದು ಪೂರ್ತಿ ತಿಳಿಯದ ವಿಷಯದ ಬಗ್ಗೆಯೂ ನಡೆಯುವುದಿಲ್ಲ, ಪೂರ್ತಿ ತೀರ್ಮಾನವಾದದ್ದರ ಬಗ್ಗೆಯೂ ನಡೆಯುವುದಿಲ್ಲ, ಸಂಶಯವಿರುವ ಕಡೆ ಮಾತ್ರ ನಡೆಯುತ್ತದೆ ಎಂದು ಭಾಷ್ಯಕಾರ ವಾತ್ಸ್ಯಾಯನ ವಿವರಿಸುತ್ತಾನೆ. ಅಲ್ಲಿ ಸಂಶಯವೆಂದರೆ ಅಜ್ಞಾನವಲ್ಲ. ಏನೋ ಗೊತ್ತಾಗಿ, ಅದು ಯಾವುದೆಂದು ನಿಲ್ಲದ ಸ್ಥಿತಿ. ಮುಸ್ಸಂಜೆಯಲ್ಲಿ ದೂರದಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂಬ ಪ್ರಸಿದ್ಧ ಉದಾಹರಣೆಯಲ್ಲಿ, ಅಲ್ಲೊಂದು ಎತ್ತರದ ಆಕೃತಿ ಇದೆ ಎಂಬುದರಲ್ಲಿ ಅನುಮಾನವೇ ಇಲ್ಲ. ಹತ್ತು ಸುತ್ತು ಎಂಬ ಮಿಶೆಲಿನ್ ಸಂಖ್ಯೆ ಆ ಎತ್ತರದ ಆಕೃತಿಯ ಹಾಗೆ. ಅದರ ಹಿಂದೆ ಸಿದ್ಧಾಂತವಿಲ್ಲ, ಆದರೆ ನೋಡಿದ್ದು ಇದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಥ ವಾಕ್ಯಕ್ಕೆ ಜಾಗ ಕಡಿಮೆ. ಪ್ರಗತಿ ವರದಿಯಲ್ಲಿ ‘ಫಲಿತಾಂಶ’ ಎಂಬ ಕಲಮಿನ ಕೆಳಗೆ ‘ಇಲ್ಲೊಂದು ತೊಂದರೆ ಇದೆ, ಮೂಲ ಸಿಕ್ಕಿಲ್ಲ’ ಎಂದು ಬರೆದು ನೋಡಿ, ಗೊತ್ತಾಗುತ್ತದೆ.

ಆದರೆ ಪತ್ರ ಅಲ್ಲಿಗೆ ನಿಲ್ಲಲಿಲ್ಲ. ನಿಲ್ಲುವಂತೆಯೂ ಇರಲಿಲ್ಲ, ಯಾಕೆಂದರೆ ಭಾನುವಾರ ಬರುತ್ತಿತ್ತು. ತಿರುವಿಗೆ ಮೊದಲು ಒಂದು ಷಿಕೇನ್, ಅಂದರೆ ವೇಗ ತಗ್ಗಿಸುವ ಕೃತಕ ಅಂಕುಡೊಂಕು, ಹಾಕಿ ಎಂಬ ಬೇಡಿಕೆ ಬಂತು. ಫೆರಾರಿಯನ್ನು ಬಿಟ್ಟು ಉಳಿದ ಒಂಬತ್ತು ತಂಡಗಳು ಇದಕ್ಕೆ ತಯಾರಿದ್ದವು. ಎಫ್‌ಐಎ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಒಪ್ಪಲಿಲ್ಲ. ಮೋಸ್ಲಿ ಓದಿದ್ದು ಕಾನೂನು; ಅವರ ವಾದದಲ್ಲಿ ಅದು ಕಾಣುತ್ತದೆ. ಬ್ರಿಜ್‌ಸ್ಟೋನ್ ಟೈರಿನ ಮೂರು ತಂಡಗಳು ಈ ಹಾದಿಗೆ ಸರಿಯಾದ ಟೈರು ತಂದಿವೆ. ತಪ್ಪು ಟೈರು ತಂದವರ ಅನುಕೂಲಕ್ಕೆ ಹಾದಿಯನ್ನೇ ಬದಲಿಸಿದರೆ ಸರಿಯಾದದ್ದು ತಂದವರಿಗೆ ಅನ್ಯಾಯ. ಜೊತೆಗೆ, ಯಾರೂ ಪರೀಕ್ಷಿಸದ ಷಿಕೇನ್‌ನಲ್ಲಿ ಯಾರಾದರೂ ಸತ್ತರೆ ಹೊಣೆ ಯಾರದು? ಮಿಶೆಲಿನ್ ಕಾರುಗಳು ಆ ತಿರುವಿನಲ್ಲಿ ನಿಧಾನ ಹೋಗಲಿ, ಅಥವಾ ಪ್ರತಿ ಸುತ್ತಿನಲ್ಲೂ ಪಿಟ್ ಹಾದಿಯಲ್ಲಿ ಹಾದುಹೋಗಲಿ ಎಂಬುದು ಒಕ್ಕೂಟದ ಸಲಹೆ.

ಮೋಸ್ಲಿ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಬ್ರಿಜ್‌ಸ್ಟೋನ್‌ನ ಅಂಗಸಂಸ್ಥೆ ಫೈರ್‌ಸ್ಟೋನ್ ಅದೇ ಅಂಗಳದ ಇಂಡಿ 500 ಪಂದ್ಯಕ್ಕೆ ಟೈರು ಒದಗಿಸುತ್ತಿತ್ತು. ಆ ನೆಲದ ಅನುಭವ ಅವರಿಗಿತ್ತು. ತಿಳಿವಳಿಕೆಯೂ ಸ್ಪರ್ಧೆಯ ಒಂದು ಭಾಗವೇ. ಇನ್ನೊಬ್ಬರ ಅರಿಯಮೆಯ ಬೆಲೆಯನ್ನು ಅರಿತವರು ಯಾಕೆ ತೆರಬೇಕು? ಆದರೂ ಈ ವಾದ ಬೇರೊಂದು ಪ್ರಶ್ನೆಗೆ ಉತ್ತರ ಎಂದು ನನಗೆ ಅನ್ನಿಸುತ್ತದೆ. ಯಾರು ಗೆಲ್ಲಬೇಕು ಎಂಬುದು ನ್ಯಾಯದ ಪ್ರಶ್ನೆ. ಯಾವ ಸ್ಥಿತಿಯಲ್ಲಿ ಆಟ ಆಡಬಹುದು ಎಂಬುದು ಅದಕ್ಕಿಂತ ಮೊದಲಿನ ಪ್ರಶ್ನೆ. ಷಿಕೇನ್ ಹಾಕಿ, ಅಂಕಗಳನ್ನು ಬ್ರಿಜ್‌ಸ್ಟೋನ್ ತಂಡಗಳಿಗಷ್ಟೇ ಕೊಟ್ಟಿದ್ದರೆ ಎರಡು ಪ್ರಶ್ನೆಗಳನ್ನೂ ಬೇರೆ ಬೇರೆಯಾಗಿ ನೋಡಿದಂತಾಗುತ್ತಿತ್ತು. ಅಂಕವೇ ಬೇಡವೆನ್ನುವ ಮಾತೂ ಆ ಬೆಳಗಿನ ಚರ್ಚೆಗಳಲ್ಲಿ ಬಂದಿತ್ತು. ಇನ್ನು ‘ನಿಧಾನ ಹೋಗಿ’ ಎಂಬ ಸಲಹೆ. ಎಷ್ಟು ನಿಧಾನ? ಕಾರಣ ಗೊತ್ತಿಲ್ಲದವರಿಗೆ ಸುರಕ್ಷಿತ ವೇಗವೂ ಗೊತ್ತಿರುವುದಿಲ್ಲ. ಹಿಂದಿನಿಂದ ಬ್ರಿಜ್‌ಸ್ಟೋನ್ ಕಾರು ಪೂರ್ಣ ವೇಗದಲ್ಲಿ ಬರುತ್ತಿರುವಾಗ ಒಬ್ಬೊಬ್ಬ ಚಾಲಕನೂ ತನ್ನ ತನ್ನ ಸಂಶಯವನ್ನು ಕಾಲಡಿಯಲ್ಲೇ ಅಳೆದುಕೊಳ್ಳಬೇಕು.

ಹಾಗೆ ಅಳೆಯುವುದು ಮನುಷ್ಯರಿಗೆ ಎಷ್ಟು ಕಷ್ಟ ಎಂಬುದಕ್ಕೆ ಮೂರು ವಾರ ಮೊದಲಿನ ಉದಾಹರಣೆಯೇ ಇತ್ತು. ಮೇ 29ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಕಿಮಿ ರೈಕೊನೆನ್ ಮುಂದಿದ್ದರು. ಬ್ರೇಕು ಬಿಗಿಯಾಗಿ ಅವರ ಬಲಮುಂದಿನ ಟೈರಿನ ಮೇಲೆ ಸಪಾಟು ಕಲೆ ಬಿತ್ತು. ಚಕ್ರ ಅದುರತೊಡಗಿತು, ಅದುರುವುದು ಟಿವಿ ನೋಡುತ್ತಿದ್ದವರಿಗೂ ಕಾಣುತ್ತಿತ್ತು. ಇಲ್ಲಿ ಯಾವ ಸಂಶಯವೂ ಇರಲಿಲ್ಲ, ಕಾರಣವೂ ಗೊತ್ತು, ಪರಿಣಾಮವೂ ಊಹಿಸಬಹುದು. ಆದರೆ ಟೈರು ಬದಲಿಸಲು ನಿಂತರೆ ಗೆಲುವು ಹೋಗುತ್ತಿತ್ತು. ಚಾಲಕ ಮತ್ತು ತಂಡ ಮುಂದುವರಿದರು. ಕೊನೆಯ ಸುತ್ತಿನ ಆರಂಭದಲ್ಲೇ ಸಸ್ಪೆನ್ಷನ್ ಮುರಿದು ಕಾರು ಹಾದಿಯಿಂದ ಹೊರಬಿತ್ತು. ಫರ್ನಾಂಡೊ ಅಲೊನ್ಸೊ ಗೆದ್ದರು. ಕಣ್ಣೆದುರಿನ ಗಾಯವೇ ಗೆಲುವಿನ ಆಸೆಯ ಮುಂದೆ ಸೋತಿರುವಾಗ, ಕಾಣದ ಗಾಯದ ಬಗ್ಗೆ ‘ನೀವೇ ನೋಡಿಕೊಂಡು ಓಡಿಸಿ’ ಎಂದರೆ ಏನರ್ಥ?

ಜೂನ್ 19ರಂದು ಇಪ್ಪತ್ತೂ ಕಾರುಗಳು ಸಜ್ಜಾಗಿ ಬಂದವು. ಪಂದ್ಯಕ್ಕೆ ಮೊದಲಿನ ಸುತ್ತನ್ನು ಮುಗಿಸಿ ಹದಿನಾಲ್ಕು ಕಾರುಗಳು ಒಂದರ ಹಿಂದೊಂದು ಪಿಟ್‌ಗೆ ತಿರುಗಿದವು. ಆರೇ ಕಾರುಗಳು ಓಡಿದವು. ಪ್ರೇಕ್ಷಕರು ಕೂಗಾಡಿದರು, ಬಾಟಲಿ ಎಸೆದರು. ಮೈಕೆಲ್ ಶುಮಾಕರ್ ಗೆದ್ದರು. ನಾಲ್ಕನೆಯವರಾಗಿ ಗುರಿ ಮುಟ್ಟಿದವರು ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್, ಫಾರ್ಮುಲಾ ಒನ್‌ನಲ್ಲಿ ಓಡಿದ ಮೊದಲ ಭಾರತೀಯ. ಅಂದು ಸಿಕ್ಕ 5 ಅಂಕಗಳೇ ಅವರ ಇಡೀ ಫಾರ್ಮುಲಾ ಒನ್ ಬದುಕಿನ ಅಂಕಗಳು. ಭಾರತೀಯನೊಬ್ಬ ಈ ಆಟದಲ್ಲಿ ಗಳಿಸಿದ ಮೊದಲ ಅಂಕಗಳೂ ಅವೇ. ಅದನ್ನು ಹೇಳುವಾಗ ಜನ ಕೂಡಲೇ ‘ಆದರೆ’ ಸೇರಿಸುತ್ತಾರೆ. ನನಗೆ ಆ ‘ಆದರೆ’ ಅಷ್ಟು ಸರಿಯೆನಿಸುವುದಿಲ್ಲ. ಅವರು 72 ಸುತ್ತು ಓಡಿಸಿದ್ದಾರೆ, ಯಾರ ಟೈರನ್ನೂ ಅವರು ಹಾಳುಮಾಡಿರಲಿಲ್ಲ.

ಮಿಶೆಲಿನ್ ಪ್ರೇಕ್ಷಕರ ಟಿಕೆಟ್ ಹಣ ಹಿಂದಿರುಗಿಸುವುದಾಗಿ ಹೇಳಿತು, ಮರುವರ್ಷದ ಪಂದ್ಯಕ್ಕೆ 20,000 ಟಿಕೆಟ್ ಕೊಂಡು ಅವರಿಗೆ ಹಂಚುವುದಾಗಿಯೂ ಘೋಷಿಸಿತು. ಏಳು ತಂಡಗಳನ್ನು ಒಕ್ಕೂಟ ಮೊದಲು ತಪ್ಪಿತಸ್ಥರೆಂದಿತು, ಮರುತಿಂಗಳು ಆ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡಿತು.

ಇಂಗ್ಲೆಂಡಿನ ತತ್ತ್ವಜ್ಞಾನಿ ಆರ್.ಜಿ. ಕಾಲಿಂಗ್‌ವುಡ್ 1940ರಲ್ಲಿ ಮೆಟಫಿಸಿಕ್ಸ್ ಕುರಿತು ಬರೆದ ಪುಸ್ತಕದಲ್ಲಿ ಒಂದು ಕಾರು ಅಪಘಾತದ ಉದಾಹರಣೆ ಕೊಡುತ್ತಾನೆ. ತಿರುವಿನಲ್ಲಿ ಕಾರು ಜಾರಿ ಮಗುಚುತ್ತದೆ. ಕಾರಣ ಏನು? ಚಾಲಕನನ್ನು ಕೇಳಿದರೆ ತಿರುವಿನಲ್ಲಿ ವೇಗ ಹೆಚ್ಚಾಯಿತು ಎನ್ನಬೇಕು. ರಸ್ತೆ ಎಂಜಿನಿಯರಿಗೆ ರಸ್ತೆಯ ಮೇಲ್ಮೈ ಅಥವಾ ಇಳಿಜಾರು ಸರಿಯಿರಲಿಲ್ಲ. ಕಾರು ತಯಾರಕನಿಗೆ ವಿನ್ಯಾಸದಲ್ಲಿ ದೋಷ. ಮೂವರೂ ಸರಿ. ಯಾವುದನ್ನು ನಾವು ನಮ್ಮ ಕೈಯಿಂದ ಬದಲಿಸಬಲ್ಲೆವೋ ಅದನ್ನೇ ಕಾರಣವೆಂದು ಕರೆಯುತ್ತೇವೆ ಎಂಬುದು ಅವನ ಅಭಿಪ್ರಾಯ. ಇದರಿಂದ ಅವನು ಇನ್ನೊಂದು ಮಾತನ್ನೂ ಹೊರಡಿಸುತ್ತಾನೆ: ತನ್ನ ಕೈಯಲ್ಲಿರುವುದನ್ನು ಬಿಟ್ಟು ಪರರ ಕೈಯಲ್ಲಿರುವುದನ್ನು ಕಾರಣವೆಂದು ತೋರಿಸುವವನು ಅಪಘಾತಗಳನ್ನು ಕಡಿಮೆ ಮಾಡಲಾರ.

ಕಾಲಿಂಗ್‌ವುಡ್‌ನ ಈ ಪುಟವನ್ನು 2013ರ ಜೂನ್ 30ರಂದು ಸಿಲ್ವರ್‌ಸ್ಟೋನ್‌ನಲ್ಲಿ ಇದ್ದವರು ಓದಬೇಕಿತ್ತು. ಅಂದಿನ ಬ್ರಿಟಿಷ್ ಪಂದ್ಯದಲ್ಲಿ ಹ್ಯಾಮಿಲ್ಟನ್, ಮಾಸಾ, ವರ್ನ್, ಪೆರೆಸ್, ನಾಲ್ವರ ಎಡ ಹಿಂಬದಿಯ ಟೈರುಗಳೂ ಸಿಡಿದವು. ಅಷ್ಟು ಹೊತ್ತಿಗೆ ಎಲ್ಲ ತಂಡಗಳಿಗೂ ಇಟಲಿಯ ಪಿರೆಲ್ಲಿ ಒಂದೇ ಸರಬರಾಜುದಾರ. ಎರಡು ದಿನಗಳ ನಂತರ ಪಿರೆಲ್ಲಿ ಕಾರಣಗಳ ಪಟ್ಟಿ ಕೊಟ್ಟಿತು. ತಂಡಗಳು ಎಡದ ಟೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದವು. ಗಾಳಿಯನ್ನು ಕಡಿಮೆ ತುಂಬಿದ್ದವು. ಚಕ್ರಗಳನ್ನು ವಿಪರೀತ ಓರೆಯಾಗಿ ಕೂರಿಸಿದ್ದವು. ಹಾದಿಯ ಅಂಚುಗಟ್ಟೆಗಳು ಒರಟಾಗಿದ್ದವು. ಒಂದೊಂದೂ ನಿಜ. ಆದರೆ ಒಂದಾದರೂ ಪಿರೆಲ್ಲಿಯ ಕೈಯಲ್ಲಿ ಇರುವಂಥದ್ದಲ್ಲ! ಟೈರುಗಳನ್ನು ಅದಲುಬದಲು ಮಾಡಬಾರದೆಂಬ ನಿಷೇಧವೂ ಆಗ ಇರಲಿಲ್ಲ. ತಂಡಗಳು ಸಿಟ್ಟಾದವು, ಮರುದಿನವೇ ಕಂಪನಿ ತಾನು ಯಾರನ್ನೂ ದೂರುತ್ತಿಲ್ಲ, ತನ್ನ ಹೊಣೆಯನ್ನೂ ಒಪ್ಪುತ್ತೇನೆ ಎಂದು ಇನ್ನೊಂದು ಹೇಳಿಕೆ ಕೊಡಬೇಕಾಯಿತು. ಪಿರೆಲ್ಲಿಯ ಪರವಾಗಿ ಒಂದು ಮಾತು ಹೇಳಬೇಕು. ಟೈರಿನೊಳಗಿನ ಉಕ್ಕಿನ ಪಟ್ಟಿಗೆ ಬದಲಾಗಿ ಕೆವ್ಲಾರ್ ಪಟ್ಟಿ ಹಾಕಲು ಅದು ಮೊದಲೇ ಮುಂದಾಗಿತ್ತು, ಎಲ್ಲ ತಂಡಗಳ ಒಮ್ಮತ ಬೇಕಿತ್ತು, ಸಿಕ್ಕಿರಲಿಲ್ಲ. ಈಗಿನ ಟೈರಿನಲ್ಲಿ ಗೆಲ್ಲುತ್ತಿರುವವರು ಅದನ್ನು ಬದಲಿಸಲು ಒಪ್ಪುವುದು ಹೇಗೆ? ಸಿಲ್ವರ್‌ಸ್ಟೋನ್ ನಂತರ ಒಪ್ಪಿದರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಮಿಶೆಲಿನ್ ಪತ್ರದ ಬೆಲೆ ಇನ್ನಷ್ಟು ಕಾಣುತ್ತದೆ. ಅದೂ ಪಟ್ಟಿ ಕೊಡಬಹುದಿತ್ತು: ಗಾಳಿ ಕಡಿಮೆಯಿತ್ತು, ರಸ್ತೆಯ ಮೇಲ್ಮೈ ಹೊಸದು, ತಿರುವು ವಿಚಿತ್ರ. ಕಾರಣ ಹೇಳುವುದು ಎಷ್ಟೋ ಸಲ ಹೊಣೆಯನ್ನು ದಾಟಿಸುವ ಸಭ್ಯ ದಾರಿ. ‘ಗೊತ್ತಿಲ್ಲ’ ಎಂದವನಿಗೆ ದಾಟಿಸಲು ಏನೂ ಇರುವುದಿಲ್ಲ, ಎಲ್ಲವೂ ಅವನ ಬಳಿಯೇ ಉಳಿಯುತ್ತದೆ. ಹಾಗೆಂದು ಮಿಶೆಲಿನ್ ಅನ್ನು ಸಂತನ ಪೀಠದಲ್ಲಿ ಕೂರಿಸಬೇಕಿಲ್ಲ. ಅದು ಹೊಣೆಯನ್ನು ದಾಟಿಸಲಿಲ್ಲ, ಆದರೆ ಅದರ ಖರ್ಚನ್ನು, ಷಿಕೇನ್ ರೂಪದಲ್ಲಿ, ಎಲ್ಲರಿಗೂ ಹಂಚಲು ನೋಡಿತು. ಸಂಶಯವನ್ನು ಪ್ರಾಮಾಣಿಕವಾಗಿ ಹೇಳುವುದು ಒಬ್ಬರ ಕೆಲಸ, ಆ ಸಂಶಯದ ಜೊತೆ ಬದುಕುವ ಏರ್ಪಾಡು ಮಾಡುವುದು ಒಬ್ಬರಿಂದ ಆಗುವುದಿಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಮೊದಲನೆಯದು ಇತ್ತು, ಎರಡನೆಯದಕ್ಕೆ ಜಾಗವೇ ಇರಲಿಲ್ಲ.

ಹದಿನೆಂಟು ವರ್ಷಗಳ ನಂತರ, 2023ರ ಅಕ್ಟೋಬರಿನಲ್ಲಿ, ಅಂಥ ಜಾಗ ಇರುವುದು ಕಂಡಿತು. ಕತಾರಿನ ಲುಸೈಲ್‌ನಲ್ಲಿ ಶುಕ್ರವಾರ ಓಡಿದ ಟೈರುಗಳನ್ನು ಪಿರೆಲ್ಲಿ ಕೊಯ್ದು ಪರೀಕ್ಷಿಸಿದಾಗ, ಪಕ್ಕೆಯಲ್ಲಿ ಒಳ ಎಳೆಗಳಿಗೂ ಮೇಲಿನ ರಬ್ಬರಿಗೂ ನಡುವೆ ಬಿರುಕು ಶುರುವಾದದ್ದು ಕಂಡಿತು. ಒಂದು ಟೈರೂ ಸಿಡಿದಿರಲಿಲ್ಲ. ಹಾದಿಯಂಚಿನ ಪಿರಮಿಡ್ ಆಕಾರದ ಕಟ್ಟೆಗಳ ಮೇಲೆ ಕಾರುಗಳು ವೇಗವಾಗಿ ಪದೇ ಪದೇ ಹಾಯುತ್ತಿದ್ದವು, ಆ ಪೆಟ್ಟೇ ಮೂಲ ಎಂದು ಅಂದಾಜಿಸಿದರು. ಎರಡು ತಿರುವುಗಳಲ್ಲಿ ಹಾದಿಯ ಗಡಿಗೆರೆಯನ್ನೇ ಒಳಕ್ಕೆ ಸರಿಸಿದರು. ಭಾನುವಾರ ಬೆಳಗ್ಗೆಯ ಹೊತ್ತಿಗೂ ನಂಬಿಕೆ ಬರದಿದ್ದಾಗ, ಯಾವುದೇ ಟೈರು 18 ಸುತ್ತಿಗಿಂತ ಹೆಚ್ಚು ಓಡಬಾರದು ಎಂದು ಎಫ್‌ಐಎ ತಾನೇ ನಿಯಮ ಹಾಕಿತು. 57 ಸುತ್ತಿನ ಪಂದ್ಯ, ಅಂದರೆ ಎಲ್ಲರೂ ಕನಿಷ್ಠ ಮೂರು ಸಲ ನಿಲ್ಲಲೇಬೇಕು. ಯಾರೂ ಪಂದ್ಯ ಬಿಟ್ಟು ಹೋಗಲಿಲ್ಲ, ಬಾಟಲಿ ಎಸೆಯಲಿಲ್ಲ.

ಇದನ್ನು ನೈತಿಕ ಪ್ರಗತಿ ಎಂದು ಕರೆಯಲು ನನಗೆ ಹಿಂಜರಿಕೆ. 2005ರಲ್ಲಿ ಎರಡು ಟೈರು ಕಂಪನಿಗಳಿದ್ದವು, ಒಬ್ಬರ ಸಂಶಯ ಇನ್ನೊಬ್ಬರ ಲಾಭವಾಗಿತ್ತು. ಟೈರು ಬದಲಿಸುವುದೇ ನಿಯಮಕ್ಕೆ ವಿರುದ್ಧವಾಗಿತ್ತು. 2023ರಲ್ಲಿ ಕಂಪನಿ ಒಂದೇ. ಟೈರು ಬದಲಿಸುವುದು ಆಟದ ಮಾಮೂಲು ಭಾಗ. 18 ಎಂಬ ಮಿತಿ ಎಲ್ಲರ ಮೇಲೂ ಸಮನಾಗಿ ಬಿತ್ತು. ‘ನಮಗೆ ಖಾತ್ರಿಯಿಲ್ಲ’ ಎಂದು ಹೇಳಿದ್ದರಿಂದ ಯಾರ ಗೆಲುವೂ ಕೈತಪ್ಪುವಂತಿರಲಿಲ್ಲ. ಪ್ರಾಮಾಣಿಕತೆ ಅಗ್ಗವಾಗಿದ್ದ ಕಡೆ ಜನ ಪ್ರಾಮಾಣಿಕರಾದರು, ಅಷ್ಟೆ. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಸಂಶಯ ಹೇಳಿಕೊಳ್ಳಲು ಜನರಿಗೆ ಧೈರ್ಯ ಬೇಕಾಗದಂಥ ನಿಯಮಗಳನ್ನು ಮಾಡುವುದು ದೊಡ್ಡ ಕೆಲಸವೇ. ಆದರೆ ಆ ಏರ್ಪಾಡಿಗೂ ಒಂದು ಖರ್ಚು ಇತ್ತು, ಅದು ಎಲ್ಲಿ ಹೋಗಿ ಬಿತ್ತು ಎಂಬುದನ್ನು ನೋಡಬೇಕು.

ಸಾಮಾನ್ಯವಾಗಿ ಚಾಲಕರು ಟೈರು ಬಾಳಿಕೆ ಬರಲೆಂದು ಪಂದ್ಯದ ಬಹುಭಾಗ ಸ್ವಲ್ಪ ತಡೆದು ಓಡಿಸುತ್ತಾರೆ. ಹೇಗೂ 18 ಸುತ್ತಿಗೆ ಬದಲಿಸಲೇಬೇಕು ಎಂದಾದಾಗ ತಡೆಯಲು ಕಾರಣವೇ ಉಳಿಯಲಿಲ್ಲ. ಮೊದಲ ಸುತ್ತಿನಿಂದ ಕೊನೆಯವರೆಗೆ ಎಲ್ಲರೂ ಪೂರ್ಣ ವೇಗದಲ್ಲೇ ಓಡಿಸಿದರು. ರಾತ್ರಿಯ ಪಂದ್ಯವಾದರೂ ಹೊರಗಿನ ಸೆಖೆ 30 ಡಿಗ್ರಿ ದಾಟಿತ್ತು, ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಎಸ್ತೆಬಾನ್ ಒಕಾನ್ ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡರು. ಲೋಗನ್ ಸಾರ್ಜೆಂಟ್ ಆರೋಗ್ಯ ಕೆಟ್ಟು ಅರ್ಧಕ್ಕೆ ಇಳಿದರು. ಲ್ಯಾನ್ಸ್ ಸ್ಟ್ರೋಲ್ ವೇಗದ ತಿರುವುಗಳಲ್ಲಿ ಕಣ್ಣು ಮಂಜಾಗುತ್ತಿತ್ತು ಎಂದರು, ಪಂದ್ಯ ಮುಗಿದು ಕಾರಿನಿಂದ ಇಳಿದವರು ತಡವರಿಸುತ್ತ ಆಂಬುಲೆನ್ಸಿನ ಕಡೆ ನಡೆದರು. ಟೈರುಗಳಿಗೆ ಏನೂ ಆಗಲಿಲ್ಲ.